ಲೀ ಮೇಡಂ ತಟ್ಟಿದ ನೆಲ

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಗೆ ಇನ್ನೆಂಟು ದಿನ ಇರುವಾಗ ತಿಪಟೂರಿನಲ್ಲಿ ಬೆಂಗಳೂರು ಬಸ್ಸು ಹತ್ತಿ, ಮೊಸಾಯಿಕ್ ಹಾಕುವ ಮೇಸ್ತ್ರಿಯೊಬ್ಬರ ಕೈಕೆಳಗೆ ಸೇರಿಕೊಂಡೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಕ್ಲೆಂಡಿನಲ್ಲಿ ಕನ್ನಡದವರು ಊಟಕ್ಕೆ ಸೇರಿದಾಗ ಪರಿಚಯವಾದ ಐದನೇ ನಿಮಿಷಕ್ಕೆ "ಎಲ್ಲಿ ಓದಿದ್ದು ನೀವು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಳಿದವರು ಡಾಕ್ಟರೋ ಸಾಫ್ಟ್‌ವೇರಿನವರೋ ಆಗಿರುತ್ತಾರೆ. "ನೆಲದ ಮೇಲೆ" ಎನ್ನುತ್ತೇನೆ ನಾನು. ಅವರು ನಗುತ್ತಾರೆ. ನಾನು ನಗುವುದಿಲ್ಲ, ಇದ್ದದ್ದನ್ನೇ ಹೇಳಿರುತ್ತೇನೆ.

ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮಗಳು ಲಟ್ಟಣಿಗೆ ಕೈಜಾರಿಸಿದಳು. ಅದು ಬಿದ್ದು ಗರಗರ ಉರುಳುತ್ತಾ ಸಿಂಕಿನ ಕೆಳಗಿನವರೆಗೂ ಹೋಯಿತು. ಒಂದೇ ಸಮನೆ ಬರುತ್ತಿದ್ದ ಸದ್ದು ಸಿಂಕಿನ ಹತ್ತಿರ, ಒಂದು ಗೇಣಿನಷ್ಟು ಜಾಗದಲ್ಲಿ, ಬದಲಾಯಿತು. ಬೇರೆ ಯಾರ ಕಿವಿಗೂ ಬೀಳುವಂಥದ್ದಲ್ಲ. ನಾನು ಕಾಫಿ ಲೋಟ ಹಿಡಿದವನು ಹಾಗೇ ನಿಂತುಬಿಟ್ಟೆ.

"ಇಟ್ಸ್ ನಾಟ್ ಬ್ರೋಕನ್, ಡ್ಯಾಡ್," ಅಂದಳು ಮಗಳು.

"ಶ್! ಇನ್ನೊಂದ್ಸಲ ಉರುಳಿಸು."

ಅವಳು ಅಮ್ಮನ ಮುಖ ನೋಡಿದಳು. ಶೈಲಾ ತವೆಯ ಮೇಲಿಂದ ಕಣ್ಣು ತೆಗೆಯದೆ, "ಅಪ್ಪಂಗೆ ಲೀ ಆಂಟಿ ಮೈಮೇಲೆ ಬಂದಿದಾರೆ ಕಣೇ, ಉರುಳಿಸು," ಎಂದಳು.

ಆ ಲೀ ಆಂಟಿ ನಾಳೆ ಭಾನುವಾರ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದಾರೆ. ನನ್ನ ಕಾಫಿ ಆರಿಹೋದದ್ದು ಅದಕ್ಕೇ. ಆಕೆ ಯಾರು ಎಂದು ನಿಮಗೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಸರವಿದ್ದರೆ ಹೇಳಿ, ಇಲ್ಲದಿದ್ದರೆ ಕುಳಿತುಕೊಳ್ಳಿ.

ಈ ದೇಶಕ್ಕೆ ನಾನು ಬಂದದ್ದು ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು. ಶೈಲಾ ನನ್ನ ಸೋದರಮಾವನ ಮಗಳು. ಅವಳು ನರ್ಸಿಂಗ್ ಮುಗಿಸುವ ಹೊತ್ತಿಗೆ ನಾನು ಅರ್ಧ ಜಯನಗರದ ನೆಲ ಮುಗಿಸಿದ್ದೆ. ಇಲ್ಲಿನ ಆಸ್ಪತ್ರೆಗೆ ಅವಳ ಕೈ ಬೇಕಾಗಿತ್ತು, ಜೊತೆಗೆ ನಾನು ಬಂದೆ. ಬಂದ ವಾರವೇ ಒಬ್ಬ ಕಂಟ್ರಾಕ್ಟರ್ ಹತ್ತಿರ ಟೈಲ್ಸ್ ಕೆಲಸಕ್ಕೆ ಸೇರಿದೆ. ಅಲ್ಲಿ ಸಿಕ್ಕವರು ಗುವೊ. ನನಗಿಂತ ಹತ್ತು ವರ್ಷ ದೊಡ್ಡವರು, ತೆಳ್ಳಗೆ, ಕಿವಿಯ ಹಿಂದೆ ಸದಾ ಪೆನ್ಸಿಲ್. ಚೀನಾದ ಈಶಾನ್ಯ ಮೂಲೆಯ ಊರಿನವರು. ಲೇತ್ ಯಂತ್ರ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಎಂಜಿನಿಯರ್ ಆಗಿದ್ದವರು. ಕಾರ್ಖಾನೆ ಮುಚ್ಚಿತು, ಇಲ್ಲಿಗೆ ಬಂದರು, ಇಂಗ್ಲಿಷ್ ನಾಲಿಗೆ ಮೇಲೆ ನಿಲ್ಲಲಿಲ್ಲ, ಕೈಗೆ ಕರಣೆ ಬಂತು. ಕೆಲಸ ಶುರುಮಾಡುವ ಮುನ್ನ ಕೋಣೆಯ ನಕ್ಷೆ ಬರೆದು, ಒಂದೊಂದು ಟೈಲಿಗೂ ನಂಬರು ಹಾಕಿ, ಆಮೇಲೆ ಅಂಟು ಕಲಸುತ್ತಿದ್ದರು. "ಎಂಜಿನಿಯರ್ ಸಾಹೇಬ್ರು ಟೈಲಿಗೆ ಜಾತಕ ಬರೀತಾ ಇದಾರೆ" ಎಂದು ನಾನು ಶೈಲಾಗೆ ಹೇಳಿ ನಗುತ್ತಿದ್ದೆ.

ಆಗ ನನಗೆ ಚೀನೀಯರೆಂದರೆ ಎಲ್ಲರೂ ಒಂದೇ. ನಾವಿದ್ದ ಬೀದಿಯ ತುದಿಯಲ್ಲಿ ರಾನ್ ಎಂಬ ಚೀನೀ ಮುದುಕರ ತರಕಾರಿ ಅಂಗಡಿಯಿತ್ತು. ಪಾಪ ಗುವೊಗೆ ಮಾತಾಡಲು ತಮ್ಮ ಭಾಷೆಯವರಿಲ್ಲ, ಅವರ ಕಡೆಯವರನ್ನು ತೋರಿಸೋಣವೆಂದು ಒಂದು ಶನಿವಾರ ಕರೆದುಕೊಂಡು ಹೋದೆ. ಗುವೊ ಮುಖ ಅರಳಿಸಿಕೊಂಡು ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಮಾತಾಡಿದರು. ರಾನ್ ಅಷ್ಟನ್ನೂ ಕೇಳಿ ನನ್ನ ಕಡೆ ತಿರುಗಿ, "ಸಾರಿ ಮೇಟ್, ನಿನ್ನ ಫ್ರೆಂಡ್ ಏನ್ ಹೇಳ್ತಿದಾರೆ?" ಎಂದರು, ಇಲ್ಲೇ ಹುಟ್ಟಿ ಬೆಳೆದವರ ಅಪ್ಪಟ ಇಂಗ್ಲಿಷಿನಲ್ಲಿ. ಅವರ ಮುತ್ತಜ್ಜ ಚೀನಾದ ದಕ್ಷಿಣದಿಂದ ಬಂದವರಂತೆ. ಆಗ ಚೀನೀಯರು ಈ ನೆಲಕ್ಕೆ ಕಾಲಿಡಬೇಕಾದರೆ ತಲೆಗಿಷ್ಟು ಎಂದು ತೆರಿಗೆ ಕಟ್ಟಬೇಕಾಗಿತ್ತು, ಬೇರೆ ಯಾರೂ ಕಟ್ಟಬೇಕಿರಲಿಲ್ಲ. ಅಷ್ಟು ಕಟ್ಟಿ ಒಳಗೆ ಬಂದು ಕೋಸು ಬೆಳೆದರು. ಮೊಮ್ಮಕ್ಕಳ ಕಾಲಕ್ಕೆ ಭಾಷೆ ಹೋಯಿತು, ಕೋಸು ಉಳಿಯಿತು. ರಾನ್ ಅವರ ಸ್ವೆಟರ್ ಮೊಣಕೈಯಲ್ಲಿ ಹರಿದಿರುತ್ತಿತ್ತು. ಆ ಸಾಲಿನ ಅಂಗಡಿಗಳೆಲ್ಲ ಅವರದೇ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಗುವೊ ಅವತ್ತು ಎರಡು ಕಟ್ಟು ಈರುಳ್ಳಿ ಸೊಪ್ಪು ಕೊಂಡು, ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ನನ್ನನ್ನು ಯಾರೋ ಒಬ್ಬ ಬಂಗಾಳಿಯ ಮುಂದೆ ನಿಲ್ಲಿಸಿ "ಮಾತಾಡಿಕೊಳ್ಳಿ, ನಿಮ್ಮವರೇ" ಎಂದಿದ್ದರೆ ನನಗೂ ಹಾಗೇ ಆಗುತ್ತಿತ್ತು.

ಕೆಲವು ವರ್ಷ ಕೂಲಿ ಮಾಡಿದ ಮೇಲೆ ನಾವಿಬ್ಬರೂ ಸೇರಿ ಸ್ವಂತ ಕೆಲಸ ಹಿಡಿಯುವುದೆಂದು ತೀರ್ಮಾನವಾಯಿತು. ಗಿರಾಕಿಗಳ ಹತ್ತಿರ ಮಾತಾಡುವುದೆಂದರೆ ಗುವೊಗೆ ಆಗದು. ಹೀಗಾಗಿ ಕರಾರಿನಲ್ಲಿ ನನ್ನ ಹೆಸರು. ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಆಕ್ಲೆಂಡಿನ ಉತ್ತರ ತುದಿಯ ಆಲ್ಬನಿಯಲ್ಲಿ, ಲೀ ಮೇಡಂ ಮನೆ. "ಸೈನ್ ಹಾಕೋ ಮುಂಚೆ ಯೋಚನೆ ಮಾಡ್ರೀ," ಅಂದಿದ್ದಳು ಶೈಲಾ. "ಅಲ್ಲಿ ಚೀನೀ ಮನೆಗಳಲ್ಲಿ ಒಬ್ರಿಗೊಬ್ರು ಫೋನಲ್ಲೇ ಎಲ್ಲಾ ಹೇಳ್ಕೋತಾರಂತೆ. ಒಳ್ಳೇದಾದ್ರೆ ಹತ್ತು ಮನೆ. ಕೆಟ್ಟರೆ ಮತ್ತೆ ಕೂಲಿಗೇ."

ನಾನು ಅರಮನೆಗಳನ್ನು ಹೊರಗಿನಿಂದ ನೋಡಿದವನು. ಈ ಮನೆಯನ್ನು ಒಳಗಿನಿಂದ, ಅದೂ ಮೊಣಕಾಲೂರಿ ನೋಡಿದೆ. ಮೊಣಕಾಲಿನ ಮೇಲೆ ಕೂತವನಿಗೆ ಮನೆ ಬೇರೆಯೇ ಕಾಣುತ್ತದೆ. ಗೋಡೆ, ಚಿತ್ರ, ದೀಪದ ಗೊಂಚಲು ಎಲ್ಲ ಆಕಾಶಕ್ಕೆ ಹೋಗುತ್ತವೆ, ಕಣ್ಣೆದುರು ನೆಲ ಮತ್ತು ಕಾಲುಗಳು ಮಾತ್ರ. ಅಡುಗೆಮನೆ ಎರಡಿದ್ದವು. ಒಂದು ತೋರಿಸಲಿಕ್ಕೆ, ಅದರ ಓವನ್ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೇ ಇನ್ನೂ ಕಿತ್ತಿರಲಿಲ್ಲ. ಇನ್ನೊಂದು ಅದರ ಹಿಂದೆ, ಬಾಗಿಲು ಹಾಕಿದರೆ ಹೊಗೆ ಹೊರಬರದಂಥದ್ದು, ದೊಡ್ಡ ಬಾಣಲೆಯಲ್ಲಿ ಉರಿ ಎಬ್ಬಿಸಿ ನಿಜವಾಗಿ ಅಡುಗೆ ಮಾಡಲಿಕ್ಕೆ. ನಾವು ಟೈಲು ಹಾಕಬೇಕಾದದ್ದು ಈ ಹಿಂದಿನದಕ್ಕೆ. ಆಳೆತ್ತರದ ಟೈಲುಗಳು, ಆಕೆಯೇ ಚೀನಾದಿಂದ ತರಿಸಿದ್ದು. ಎಣಿಸಿ ನೋಡಿದರೆ ಹೆಚ್ಚುವರಿ ಎಂಟೇ ಎಂಟು. ಗಂಡ ಚೀನಾದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದರಂತೆ. ಈಕೆ ಮಗನನ್ನು ಓದಿಸುತ್ತಾ ಇಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಓಡಾಡುವ ಚಪ್ಪಲಿ ಎರಡು ಜೊತೆ.

ಆಕೆ ಗುವೊ ಅವರನ್ನು "ಶಿಫು" ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಮೇಸ್ತ್ರಿ ಎಂದ ಹಾಗೆ, ಮರ್ಯಾದೆಯ ಮಾತು. ಗುವೊಗೆ ಮಾತ್ರ ಅದು ಚುಚ್ಚುತ್ತಿತ್ತು ಎಂದು ನನ್ನ ಅನುಮಾನ. ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ತಮ್ಮ ಕೈಕೆಳಗಿನ ಕೆಲಸಗಾರರನ್ನು ಅವರು ಆ ಮಾತಿನಿಂದ ಕರೆಯುತ್ತಿದ್ದವರಲ್ಲವೇ.

ಇನ್ನು ನನ್ನ ತಪ್ಪಿನ ಕಥೆ. ಅಷ್ಟು ದೊಡ್ಡ ಟೈಲು ಹಾಕುವಾಗ ಅಂಟನ್ನು ಹಲ್ಲಿನ ಕರಣೆಯಿಂದ ನೆಲಕ್ಕೂ ಎಳೆಯಬೇಕು, ಟೈಲಿನ ಬೆನ್ನಿಗೂ ಬಳಿಯಬೇಕು. ಎರಡೂ ಕೂಡಿದರೆ ಕೆಳಗೆ ಗಾಳಿ ಉಳಿದು ಟೊಳ್ಳಾಗುವುದಿಲ್ಲ. ಕೊನೆಯ ದಿನ ಗುವೊ ಮಗನ ಶಾಲೆಗೆ ಹೋಗಬೇಕಾಗಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಬಾಸ್, ಬೆನ್ನಿಗೆ ಬಳಿಯೋದು ಮರೀಬೇಡ." ನನಗೆ ಸಿಟ್ಟು ಬಂತು. ಈತ ಕರಣೆ ಹಿಡಿಯುವ ಮೊದಲೇ ನಾನು ಎಷ್ಟು ನೆಲ ಮುಗಿಸಿದ್ದೆ! ಮನೆ ಮನೆಯ ಗೃಹಪ್ರವೇಶದಲ್ಲಿ ಹೋಳಿಗೆ ತಿಂದವನು! ಗೋಡೆಗೆ ತಾಗಿದ ಆ ಕೊನೆಯ ಸಾಲಿನ ಮೇಲೆ ಹೇಗೂ ಕಪಾಟು ಕೂರುತ್ತದೆ, ಯಾರು ನೋಡುತ್ತಾರೆ? ನೆಲಕ್ಕೆ ಅಂಟು ಎಳೆದೆ, ಟೈಲು ಇಟ್ಟೆ, ರಬ್ಬರ್ ಸುತ್ತಿಗೆಯಿಂದ ಎರಡು ಕುಟ್ಟಿದೆ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ಸಂಜೆ ಮೂರಕ್ಕೆ ಮುಗಿಸಿ ಮನೆಗೆ ಹೋದೆ.

ಎರಡು ದಿನ ಬಿಟ್ಟು ಲೀ ಮೇಡಂ ನೆಲ ನೋಡಲು ಬಂದರು. ಕೈಯಲ್ಲಿ ರೇಡಿಯೋ ಏರಿಯಲ್‌ನಂಥ ಕಡ್ಡಿ. ಎಳೆದರೆ ಉದ್ದವಾಯಿತು, ತುದಿಯಲ್ಲಿ ಗೋಲಿಯಷ್ಟು ಉಕ್ಕಿನ ಗುಂಡು. ಚೀನಾದಲ್ಲಿ ಮನೆಯವರು ಹೀಗೆ ತಟ್ಟಿ ನೋಡದೆ ನೆಲ ಒಪ್ಪಿಕೊಳ್ಳುವುದಿಲ್ಲವಂತೆ. ಗುವೊ ನನ್ನ ಕಿವಿಯಲ್ಲಿ ಹೇಳಿದರು. ನಾನು ಒಳಗೊಳಗೇ ನಕ್ಕೆ. ಶ್ರೀಮಂತರ ಶೋಕಿ, ಎರಡು ಟೈಲು ತಟ್ಟಿ "ಗುಡ್, ಗುಡ್" ಎಂದು ಹೋಗುತ್ತಾರೆ.

ಆಕೆ ಮೊದಲು ಕೈಯಲ್ಲಿದ್ದ ಹಸಿರು ಬಳೆಯನ್ನು ಬಿಚ್ಚಿ ಕಿಟಕಿಯ ಮೇಲಿಟ್ಟರು, ಅದರ ಸದ್ದು ಅಡ್ಡ ಬರಬಾರದೆಂದು. ಫ್ರಿಜ್ ಆರಿಸಿದರು. ಆಮೇಲೆ ಬೆಲೆಬಾಳುವ ಉಡುಪಿನಲ್ಲೇ ನೆಲದ ಮೇಲೆ ಮೊಣಕಾಲೂರಿದರು. ಊರಿದ ರೀತಿ ನೋಡಿಯೇ ನನ್ನ ನಗು ನಿಂತಿತು. ಅಭ್ಯಾಸವಿಲ್ಲದವರು ಮೊಣಕಾಲನ್ನು ದಪ್ಪನೆ ಊರುತ್ತಾರೆ. ಈಕೆ ಬೆರಳು ಮಡಚಿ, ಭಾರವನ್ನು ಹಿಮ್ಮಡಿಗೆ ಬಿಟ್ಟು, ಬಡಗಿ ಉಳಿ ಇಟ್ಟ ಹಾಗೆ ಕೂತರು. ಕಣ್ಣು ಮುಚ್ಚಿದರು. ನಾಲ್ಕು ಮೂಲೆ, ನಡುವೆ ಒಂದು. ಟಣ್, ಟಣ್, ಟಣ್, ಟಣ್, ಟಣ್. ಮುಂದಿನದು. ಕಣ್ಣಿಗೆ ಕಂಡ ಒಂದೇ ಒಂದು ಟೈಲನ್ನೂ ಬಿಡಲಿಲ್ಲ.

ನಮ್ಮಮ್ಮ ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದದ್ದು ನೆನಪಾಯಿತು. ನೀರಿದ್ದರೆ ಒಂದು ಸದ್ದು, ಒಳಗೆ ಕೊಬ್ಬರಿಯಾಗಿ ಬಿಟ್ಟುಕೊಂಡಿದ್ದರೆ ಗಟಗಟ ಎಂದು ಇನ್ನೊಂದು. ಸಂತೆಯಲ್ಲಿ ಮಡಕೆಯನ್ನೂ ಬೆರಳ ಗೆಣ್ಣಿನಿಂದ ತಟ್ಟದೆ ತರುತ್ತಿರಲಿಲ್ಲ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿ, ನನ್ನ ಕೈಯ ಕೆಲಸವನ್ನು ನಾನು ಒಂದು ದಿನವೂ ತಟ್ಟಿ ನೋಡಿರಲಿಲ್ಲ.

ಕಡ್ಡಿ ಕೊನೆಯ ಸಾಲಿಗೆ ಬಂತು. ಡೊಬ್.

ಆಕೆ ಕಣ್ಣು ತೆರೆಯಲಿಲ್ಲ. ಜೇಬಿನಿಂದ ಮೇಣದ ಬಳಪ ತೆಗೆದು ಆ ಟೈಲಿನ ಮೇಲೊಂದು ಸೊನ್ನೆ ಹಾಕಿದರು. ಮುಂದಿನದಕ್ಕೂ ಸೊನ್ನೆ. ಅದರ ಮುಂದಿನದಕ್ಕೂ. ಏಳು ಸೊನ್ನೆ. ನನಗೆ ಒಂಬತ್ತನೇ ಕ್ಲಾಸಿನ ಗಣಿತದ ಮೇಷ್ಟ್ರು ಕಂಡಂತಾಯಿತು.

ಆಕೆ ಎದ್ದು ಚೀನೀ ಭಾಷೆಯಲ್ಲಿ ಏನೋ ಕೇಳಿದರು. ಗುವೊ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ತಲೆ ತಗ್ಗಿಸಿದರು. ನನಗೆ ಭಾಷೆ ಬಾರದಿದ್ದರೂ ತಲೆ ತಗ್ಗಿಸುವುದು ಅರ್ಥವಾಗುತ್ತದೆ. ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು. ಬಾಯಿ ತೆರೆದು "ನನ್ನದು" ಎನ್ನಬೇಕಾಗಿತ್ತು ನಾನು. ಮೊದಲ ಕೆಲಸ, ಕರಾರಿನಲ್ಲಿ ನನ್ನ ಹೆಸರು, ಮನೆಯಲ್ಲಿ ಶೈಲಾಳ ಮುಖ. ಸುಮ್ಮನಿದ್ದೆ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಆಕೆ ಹೋದ ಮೇಲೆ ಏಳೂ ಟೈಲು ಒಡೆದು ತೆಗೆದೆವು. ಆ ಮೂಲೆಯಲ್ಲಿ ಕಪಾಟಿನ ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಅದರ ಕೆಳಗಿನ ಟೈಲಿನ ಬೆನ್ನಿಗೂ ಅಂಟು ಬಳಿದಿಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಲೀ ಮೇಡಂ ಅದನ್ನು ತಟ್ಟಿರಲಿಲ್ಲ. ತೆಗೆಯದಿದ್ದರೆ ಒಂದು ಹೆಚ್ಚುವರಿ ಟೈಲು ಕೈಯಲ್ಲಿ ಉಳಿಯುತ್ತಿತ್ತು. ತೆಗೆದರೆ ಏನೂ ಉಳಿಯುತ್ತಿರಲಿಲ್ಲ, ಕತ್ತರಿಸುವಾಗ ಒಂದು ಸೀಳಿದರೂ ಕಥೆ ಮುಗಿದಂತೆ. ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡುತ್ತಾ ನಿಂತೆ. ಆಮೇಲೆ ಅದನ್ನು ಸರಿಸಿ, ಉಳಿ ಇಟ್ಟು ಹೊಡೆದೆ. ಬೆನ್ನಿನಲ್ಲಿ ಅಂಟಿನ ಗೆರೆಗಳು ಹಾಗೇ ನಿಂತಿದ್ದವು, ಬಾಚಣಿಗೆಯಲ್ಲಿ ಬಾಚಿ ಬಿಟ್ಟ ಹಾಗೆ. ಗುವೊ ನೋಡಿದರು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದುಕೊಂಡು ಅಳತೆ ಹಾಕಲು ಕೂತರು. ಒಂದೊಂದಕ್ಕೂ ಮೂರು ಸಲ ಅಳತೆ. ಎಂಟರಲ್ಲಿ ಒಂದೂ ಸೀಳಲಿಲ್ಲ.

ಮರುದಿನ ಮಧ್ಯಾಹ್ನ ಲೀ ಮೇಡಂ ಮೂರು ಬಟ್ಟಲಲ್ಲಿ ಬಿಸಿ ಶಾವಿಗೆ ತಂದು, ಬೋರಲು ಹಾಕಿದ ಅಂಟಿನ ಬಕೆಟ್ಟಿನ ಮೇಲೆ ನಮ್ಮ ಜೊತೆಗೇ ಕೂತರು. ನಾವು ಮೂವರೂ ಆಡುವುದು ಮುರುಕು ಇಂಗ್ಲಿಷು. ಕನ್ನಡದಲ್ಲಿ ಬರೆದಾಗ ಮೂವರೂ ಸ್ವಲ್ಪ ಜಾಣರಾಗಿ ಕಾಣುತ್ತೇವೆ, ಮನ್ನಿಸಿ.

"ನಾನು ಏಳು ಗುರುತು ಹಾಕಿದ್ದೆ. ನೀವು ಎಂಟು ತೆಗೆದಿದ್ದೀರಿ," ಎಂದರು, ನನ್ನನ್ನೇ ನೋಡುತ್ತಾ.

"ಎಂಟನೆಯದೂ ನನ್ನದೇ," ಎಂದೆ. ಹೇಳಿದ ಮೇಲೆ ನಾನು ಏನು ಹೇಳಿದೆನೆಂದು ನನಗೇ ತಿಳಿಯಿತು.

"ಗೊತ್ತು. ಗುವೊ ಶಿಫು ತಮ್ಮದು ಅಂತ ಸುಳ್ಳು ಹೇಳಿದರು. ಅವರ ಕೈಯ ಸದ್ದು ಬೇರೆ, ನಿಮ್ಮ ಕೈಯ ಸದ್ದು ಬೇರೆ."

ಗುವೊ ಶಾವಿಗೆಯಿಂದ ತಲೆ ಎತ್ತದೆ, "ನಮ್ಮಲ್ಲಿ ಎಂಟು ಒಳ್ಳೇ ಸಂಖ್ಯೆ. ಅದಕ್ಕೇ ಬಾಸ್ ಏಳಕ್ಕೆ ನಿಲ್ಲಿಸಲಿಲ್ಲ," ಎಂದರು. ಬಟ್ಟಲು ಕೆಳಗಿಡಬೇಕಾಗುವಷ್ಟು ನಗು ಬಂತು ನಮಗೆ.

ಆಮೇಲೆ ಆಕೆ ಹೇಳಿದರು. ಚೀನಾದಲ್ಲಿ ಫೋಶಾನ್ ಎಂಬ ಊರು, ಊರಿಗೆ ಊರೇ ಟೈಲ್ ಕಾರ್ಖಾನೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಹದಿನಾರಕ್ಕೆ ಅಲ್ಲಿ ಕೂಲಿಗೆ ಸೇರಿದರು. ಭಟ್ಟಿಯಿಂದ ಟೈಲು ಬಿಸಿಬಿಸಿಯಾಗಿ ಹೊರಬರುವ ತುದಿಯಲ್ಲಿ ನಿಂತು ಒಂದೊಂದನ್ನೂ ಕಡ್ಡಿಯಿಂದ ತಟ್ಟುವುದು, ಬಿರುಕಿದ್ದರೆ ಎಳೆದು ಹಾಕುವುದು. ಯಂತ್ರಗಳ ಗದ್ದಲದ ನಡುವೆ ಆ ಸಣ್ಣ ಸದ್ದನ್ನು ಹೆಕ್ಕಬೇಕು. ಆರು ವರ್ಷ. ಅದೇ ಕಾರ್ಖಾನೆಯ ಲಾರಿ ಡ್ರೈವರನ್ನು ಮದುವೆಯಾದರು. ಒಂದು ಲಾರಿ ಎರಡಾಯಿತು, ಟೈಲು ಸಾಗಿಸುವವರು ಟೈಲು ಮಾರಿದರು, ಆಮೇಲೆ ಟೈಲು ಹಾಕುವ ಕಟ್ಟಡಗಳನ್ನೇ ಕಟ್ಟಿಸಿದರು. "ಈಗ ಈ ಮನೆ," ಎಂದು ಶಾವಿಗೆ ತಿನ್ನುವ ಕಡ್ಡಿಯನ್ನು ಮೇಲಕ್ಕೆತ್ತಿ ತೋರಿಸಿದರು, ಯಾವುದೋ ಬೇರೆಯವರ ಮನೆಯನ್ನು ತೋರಿಸುವಂತೆ.

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಆ ಕೋಣೆಯಲ್ಲಿ ಶಾಲೆ ಬಿಟ್ಟವರು ಇಬ್ಬರು, ಡಿಗ್ರಿ ಇದ್ದವರು ಒಬ್ಬರು. ಡಿಗ್ರಿಯ ಒಡೆಯರು ಕೂಲಿಗೆ ಬಕೆಟ್ಟಿನ ಮೇಲೆ, ಶಾಲೆ ಬಿಟ್ಟವರು ಮನೆಯ ಯಜಮಾನಿಯಾಗಿ ಬಕೆಟ್ಟಿನ ಮೇಲೆ. "ಓದಿದ್ರೆ ಉದ್ಧಾರ ಆಗ್ತೀಯ ಕಣೋ" ಎಂದು ನನ್ನನ್ನು ಬಯ್ದವರನ್ನೆಲ್ಲ ಆ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಬೇಕೆನಿಸಿತು. ಆದರೆ ಗುವೊ ಮುಖ ನೋಡಿದ ಮೇಲೆ ಆ ಖುಷಿಯೂ ಉಳಿಯಲಿಲ್ಲ.

ಆ ಮನೆಯಿಂದ ಹತ್ತಲ್ಲ, ಹನ್ನೊಂದು ಮನೆ ಬಂದವು. ವರ್ಷಗಳು ಕಳೆದವು. ಒಂದು ದಿನ ಫೋನು. "ನಾನು ಲೀ. ಟೈಲಿನ ಸಂದಿ ತುಂಬುವ ಕೆಲಸಕ್ಕೆ ನಿಮಗೆ ಆಳು ಬೇಕೇ?" ಯಾರನ್ನೋ ಶಿಫಾರಸು ಮಾಡುತ್ತಿದ್ದಾರೆಂದುಕೊಂಡು, "ಕಳಿಸಿ ಮೇಡಂ, ನೋಡೋಣ," ಎಂದೆ.

ಮರುದಿನ ಬೆಳಿಗ್ಗೆ ನ್ಯೂ ಲಿನ್ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದವರು ಆಕೆಯೇ. ಆಲ್ಬನಿಯಿಂದ ಬಸ್ಸು, ಪೇಟೆಯಿಂದ ರೈಲು. ಕೈಚೀಲದಿಂದ ಆ ಕಡ್ಡಿಯ ತುದಿ ಇಣುಕುತ್ತಿತ್ತು. ಚೀನಾದಲ್ಲಿ ಕಟ್ಟಡದ ವ್ಯಾಪಾರ ಬಿದ್ದಿತ್ತು, ಗಂಡನ ಕಟ್ಟಡಗಳು ಅರ್ಧಕ್ಕೆ ನಿಂತಿದ್ದವು, ಇಲ್ಲಿನ ಮನೆ ಮಾರಾಟವಾಗಿತ್ತು. ಇಷ್ಟನ್ನೂ ಆಕೆ ಸ್ಟೇಷನ್ನಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಹೇಳಿ ಮುಗಿಸಿದರು, ಹವಾಮಾನ ಹೇಳಿದ ಹಾಗೆ. ನಾನೇ ತಡವರಿಸಿದೆ.

"ಅಲ್ಲ ಮೇಡಂ, ನೀವು ಹೇಗೆ ಇದೆಲ್ಲ..."

"ಮೇಡಂ ಆಲ್ಬನಿಯಲ್ಲೇ ಉಳಿದಳು. ನಾನು ಲೀ," ಎಂದರು. "ನಿಮ್ಮ ವ್ಯಾನ್ ಎಲ್ಲಿ?"

ಅವತ್ತು ಒಂದು ಸಣ್ಣ ಬಚ್ಚಲುಮನೆಯ ಕೆಲಸವಿತ್ತು. ಆಕೆ ಬಳೆ ಬಿಚ್ಚಲು ಕೈ ತಂದರು, ಬಳೆ ಇರಲಿಲ್ಲ. ಅರೆಗಳಿಗೆ ಮಾತ್ರ ಆ ಕೈ ಅಲ್ಲೇ ನಿಂತಿತು. ಆಮೇಲೆ ಅದೇ ರೀತಿ ಬೆರಳು ಮಡಚಿ ಮೊಣಕಾಲೂರಿದರು. ಗುವೊ ಬಾಗಿಲಲ್ಲಿ ನಿಂತು ನೋಡಿದವರು, ತಮ್ಮ ಮೊಣಕಾಲಿನ ಮೆತ್ತೆಗಳನ್ನು ಬಿಚ್ಚಿ ಆಕೆಯ ಮುಂದಿಟ್ಟು, "ಲೀ ಶಿಫು," ಎಂದರು. ನನ್ನ ಕಣ್ಣು ಮಂಜಾಯಿತು. ಸಿಮೆಂಟಿನ ಧೂಳು ಎಂದು ನೀವು ಅಂದುಕೊಂಡರೆ ನನ್ನ ತಕರಾರಿಲ್ಲ.

ನಾನು ಮೇಲೇರಿದವರನ್ನು ಬಹಳ ಕಂಡಿದ್ದೇನೆ. ನಾನೂ ಒಂದೆರಡು ಮೆಟ್ಟಿಲು ಹತ್ತಿದವನೇ, ಹತ್ತಿದ್ದನ್ನು ಹತ್ತು ಜನಕ್ಕೆ ಹೇಳಿಯೂ ಇದ್ದೇನೆ. ಇಳಿಯುವಾಗ ಹೀಗೆ ಇಳಿದವರನ್ನು ಕಂಡಿರಲಿಲ್ಲ. ಒಂದು ದಿನ ಕೇಳಿದೆ: "ಅವತ್ತು ಗುವೊ ಅಣ್ಣನ್ನ ಬಿಟ್ಟು ನನಗೇ ಯಾಕೆ ಫೋನ್ ಮಾಡಿದಿರಿ?" ಆಕೆ ಸಂದಿಗಳನ್ನು ಒರೆಸುತ್ತಲೇ, "ಪೆಟ್ಟಿಗೆ ಸರಿಸಿದವರು ನೀವು," ಎಂದರು. ಅಷ್ಟೇ.

ಈಗ ಮೂವರೂ ಪಾಲುದಾರರು. ನಾವು ಹಾಕಿದ ಯಾವ ನೆಲವೂ ಲೀ ತಟ್ಟದೆ ಮನೆಯವರ ಕೈಗೆ ಹೋಗುವುದಿಲ್ಲ. ಗುವೊ ಅವರ ಮಗ ಡಾಕ್ಟರಾಗಿ ಪೊರಿರುವಾ ಎಂಬ ಊರಿನಲ್ಲಿದ್ದಾನೆ. ರಾನ್ ಅವರ ಅಂಗಡಿಯಿಂದ ಲೀ ಪ್ರತಿ ಶುಕ್ರವಾರ ತರಕಾರಿ ತರುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬಾರದು, ಆದರೂ ಕಲ್ಲಂಗಡಿಯನ್ನು ಇಬ್ಬರೂ ತಟ್ಟುತ್ತಾರೆ. ಒಪ್ಪಿಗೆಯಾಗುವವರೆಗೂ ತಟ್ಟುತ್ತಾರೆ.

ಇಷ್ಟು ಯೋಚಿಸುತ್ತಾ ನಾನು ಬೆಳಗಿನಿಂದ ಅಡುಗೆಮನೆಯ ನೆಲದ ಮೇಲೆಯೇ ಇದ್ದೇನೆ, ಲಟ್ಟಣಿಗೆ ಹಿಡಿದುಕೊಂಡು. ಈ ನೆಲ ಈ ಮನೆ ಕೊಂಡ ಹೊಸದರಲ್ಲಿ ನಾನೇ ಹಾಕಿದ್ದು. ಆಲ್ಬನಿಗಿಂತ ಹಿಂದಿನದು, ಅಂದರೆ ಯಾರೂ ತಟ್ಟದೆ ಇದ್ದ ಕಾಲದ್ದು.

"ಇಷ್ಟು ವರ್ಷ ಇದರ ಮೇಲೇ ನಿಂತು ಅಡುಗೆ ಮಾಡಿದೀನಿ, ಏನೂ ಆಗಿಲ್ಲ," ಎಂದಳು ಶೈಲಾ. "ನಾಳೆ ಊಟಕ್ಕೆ ಬರೋರು ನೆಲ ತಟ್ಟಿ ನೋಡ್ತಾರಾ? ಸಿಂಕಿನ ಮುಂದೆ ಒಂದು ಮ್ಯಾಟ್ ಹಾಕಿದ್ರೆ ಆಯ್ತಪ್ಪ."

ಮ್ಯಾಟ್ ಒಳ್ಳೆಯ ಉಪಾಯವೇ. ಒಂದು ಕಾಲದಲ್ಲಿ ನಾನೇ ಹೇಳುತ್ತಿದ್ದೆ. ಮಗಳಿಂದ ಮೇಣದ ಬಳಪ ಇಸಕೊಂಡೆ.

ಸದ್ಯ ನನ್ನ ಹತ್ತಿರ ಇರುವುದು ಇಷ್ಟು: ಒಬ್ಬಳು ಹೆಂಡತಿ, ಒಬ್ಬಳು ಮಗಳು, ಇಬ್ಬರು ಪಾಲುದಾರರು. ಒಂದು ವ್ಯಾನು, ಟೈಲು ಕತ್ತರಿಸುವ ಯಂತ್ರ ಎರಡು, ರಸಮಟ್ಟ ಮೂರು. ನೋಯುವ ಮೊಣಕಾಲು ಎರಡು. ಅಡುಗೆಮನೆಯಲ್ಲಿ ಟೈಲು ನೂರ ಮೂವತ್ತೆರಡು. ಅದರಲ್ಲಿ ಟೊಳ್ಳು ನಾಲ್ಕು, ನಾಲ್ಕಕ್ಕೂ ಸೊನ್ನೆ ಹಾಕಿದ್ದೇನೆ.